ಕಪ್ಪು ಬಣ್ಣ ಸ್ವಲ್ಪ ಕಡಿಮೆ ಮಾಡಿ

ಕರಾಳ ಕಿನ್ನರಕತೆ, ಜನಪದ ಕತೆ ಇಟ್ಟುಕೊಂಡು ಮಿಕ್ಸ್ಡ್ ಮೀಡಿಯಾ ಕಲೆ (ಬಣ್ಣ, ಬಟ್ಟೆ, ಕಾಗದ ಎಲ್ಲ ಸೇರಿಸಿ ಮಾಡುವ ಚಿತ್ರ) ಮಾಡುವವರು ಈಗ ಜಾಸ್ತಿ ಆಗಿದ್ದಾರೆ. ಖುಷಿಯೇ. ಆದರೆ ನೋಡಿದ್ದೆಲ್ಲ ಒಂದೇ ಥರ: ಕಪ್ಪು ಹಿನ್ನೆಲೆ, ತಲೆಬುರುಡೆ, ಕಾಗೆ, ಮೇಲಿಂದ ಇಳಿಬಿಟ್ಟ ಕೆಂಪು. ಹೆದರಿಸುವ ಸಾಮಾನೆಲ್ಲ ಇದೆ, ಕತೆಯೇ ಇಲ್ಲ.

ಈ ಕತೆಗಳಲ್ಲಿ ಭಯ ಇರುವುದು ಮನೆಯೊಳಗೇ ಅಲ್ವಾ? ಗ್ರಿಮ್ ಸೋದರರ ಸಿಂಡರೆಲಾ ಕತೆಯಲ್ಲಿ ಚಪ್ಪಲಿ ಹಿಡಿಸಲಿ ಅಂತ ಮಲಅಕ್ಕಂದಿರಲ್ಲಿ ಒಬ್ಬಳು ಕಾಲ್ಬೆರಳು ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿ. ಚಾಕು ಕೊಡುವುದು ಅವರ ಹೆತ್ತ ತಾಯಿ. ಅದೇ ಸೋದರರ ಕತೆಪುಸ್ತಕದ 1812ರ ಮೊದಲ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳೂ ಹೆತ್ತವಳೇ. 1819ರಲ್ಲಿ ಅವಳನ್ನು ಮಲತಾಯಿ ಮಾಡಿದರು. ನನಗಂತೂ ಆ ಮೊದಲಿನವಳೇ ಬೇಕು.

ನಮ್ಮ ಕನ್ನಡದ್ದೇ ಒಂದು ಕತೆಯಿದೆ. ಒಂದು ಬಿಂದಿಗೆ ನೀರು ಹೊಯ್ದರೆ ಹುಡುಗಿ ಹೂವಿನ ಮರ ಆಗುತ್ತಾಳೆ. ಇನ್ನೊಂದು ಹೊಯ್ದರೆ ಮತ್ತೆ ಹುಡುಗಿ. ನಾದಿನಿ ಮತ್ತು ಗೆಳತಿಯರು ಸಿಕ್ಕಾಪಟ್ಟೆ ಕೊಂಬೆ ಮುರಿದುಹಾಕುತ್ತಾರೆ. ಉಳಿಯುವುದು ಕೈಕಾಲಿಲ್ಲದ ದೇಹ. ಅವರೇನು ರಾಕ್ಷಸರಲ್ಲ. ಹೂವಿಗೆ ಆಸೆಪಟ್ಟ ಹುಡುಗಿಯರು, ಅಷ್ಟೇ. ಇದಕ್ಕೆ ತಲೆಬುರುಡೆ ಎಲ್ಲಿ ಇಡುತ್ತೀರಿ?

ನಾನು ಇದನ್ನು ಬಿಳಿ ಜೆಸ್ಸೋ (ಬಣ್ಣಕ್ಕೆ ಮೊದಲು ಬಳಿಯುವ ಅಡಿಪದರ) ಬಳಿದ ಹಲಗೆಯ ಮೇಲೆ ಮಾಡುತ್ತಿದ್ದೇನೆ. ಕಡ್ಡಿ, ಬ್ಯಾಂಡೇಜ್ ಬಟ್ಟೆ, ಮುಖಕ್ಕೆ ಅಕ್ರಿಲಿಕ್ ಬಣ್ಣ. ಕಡ್ಡಿ ಪೂರ್ತಿ ಒಣಗಿದ್ದರೆ ಪಟ್ಟನೆ ಎರಡು ತುಂಡಾಗುತ್ತದೆ, ನೋವೇ ಕಾಣುವುದಿಲ್ಲ. ಅರ್ಧ ಒಣಗಿದ್ದನ್ನು ಬಗ್ಗಿಸಿ ಮುರಿದರೆ ನಾರು ಎದ್ದು ನಿಲ್ಲುತ್ತದೆ, ಸಿಪ್ಪೆ ಮಾತ್ರ ಹಿಡಿದುಕೊಂಡಿರುತ್ತದೆ. ಹಾಗೇ ಒಣಗಲು ಬಿಟ್ಟು ಆಮೇಲೆ ಅಂಟಿಸಬೇಕು. ಹಸಿಯಾಗಿ ಅಂಟಿಸಿದರೆ ಕುಗ್ಗಿ ಕಿತ್ತು ಬರುತ್ತದೆ. ಮುರಿದ ಜಾಗಕ್ಕೆ ಮ್ಯಾಟ್ ಮೀಡಿಯಂನಲ್ಲಿ (ಹೊಳಪಿಲ್ಲದ ಅಕ್ರಿಲಿಕ್ ಅಂಟು) ಅದ್ದಿದ ಬಟ್ಟೆ ಸುತ್ತಿದರೆ ಒಣಗಿದ ಮೇಲೆ ಮಡಿಕೆ ಸಮೇತ ಗಟ್ಟಿಯಾಗುತ್ತದೆ.

ಮುಖದಲ್ಲಿ ಬಿರುಕು ಮೂಡಿಸಲು ಅದಕ್ಕೆಂದೇ ಮಾರುವ ದುಬಾರಿ ಬಾಟಲಿ ಬೇಕಿಲ್ಲ. ಬಿಳಿ ಅಂಟನ್ನು ದಪ್ಪಗೆ ಹಚ್ಚಿ, ಅದು ಇನ್ನೂ ಅಂಟಂಟಾಗಿರುವಾಗಲೇ ಮೇಲೆ ಅಕ್ರಿಲಿಕ್ ಎಳೆಯಿರಿ. ಒಣಗುತ್ತಾ ತಾನಾಗಿ ಸೀಳುತ್ತದೆ. ಅಂಟು ದಪ್ಪವಾದಷ್ಟೂ ಬಿರುಕು ದೊಡ್ಡದು. ಹುಡುಗಿಯ ಮುಖಕ್ಕಲ್ಲ, ನಾದಿನಿಯ ಮುಖಕ್ಕೆ ಹಾಕಿದ್ದೇನೆ. ಯಾಕೆ ಅಂತ ಕೇಳಿದವರಿಗೆ ಕತೆ ಹೇಳುತ್ತೇನೆ.

ಇನ್ನೊಂದು ವಿಷಯ. ಹಿನ್ನೆಲೆಗೆ ಬೇಕು ಅಂತ ಸುಮ್ನೆ ಹಳೇ ಕತೆಪುಸ್ತಕ ಹರಿಯಬೇಡಿ. ಆ ಕಾಗದ ಹೇಗೂ ಹಳದಿಯಾಗಿ ಪುಡಿಯಾಗುತ್ತದೆ. ಒಳ್ಳೆ ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಆದರೆ ಅಂಟಿನ ನೀರು ತಾಗಿ ಅಕ್ಷರ ಹರಡಿಕೊಳ್ಳಬಹುದು.