‘ನೇಬರ್ಸ್’: ಆ ಕೂಸಿನ ದೃಶ್ಯ ಬೇಕಿತ್ತಾ?

ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ ನಾರ್ಮನ್ ಮೆಕ್‌ಲಾರೆನ್ 1952ರಲ್ಲಿ ಮಾಡಿದ ‘ನೇಬರ್ಸ್’ ಬರೀ ಎಂಟು ನಿಮಿಷದ ಚಿತ್ರ. (ಆಸ್ಕರ್ ಬಂದದ್ದು ಸಾಕ್ಷ್ಯಚಿತ್ರ ವಿಭಾಗದಲ್ಲಿ! ಯಾಕೋ, ದೇವರೇ ಬಲ್ಲ.) ಅಕ್ಕಪಕ್ಕದ ಮನೆಯ ಇಬ್ಬರು ಪೈಪ್ ಸೇದುತ್ತಾ ಪೇಪರ್ ಓದುತ್ತಿರುತ್ತಾರೆ. ಇಬ್ಬರ ಜಾಗದ ನಡುವೆ ಒಂದು ಹೂ ಅರಳುತ್ತದೆ. ನಂದು, ನಂದು ಅಂತ ಶುರುವಾದ ಜಗಳದಲ್ಲಿ ಇಬ್ಬರೂ ಸಾಯುತ್ತಾರೆ. ಅದಕ್ಕೂ ಮೊದಲು ಒಬ್ಬರ ಮನೆಯನ್ನು ಇನ್ನೊಬ್ಬರು ಕೆಡವುತ್ತಾರೆ. ಹಿಂದೆ ಹೆಂಡತಿ, ಕೈಕೂಸು ಕಾಣುತ್ತಾರೆ. ಅವರನ್ನೂ ಬಿಡುವುದಿಲ್ಲ. ಅಮೆರಿಕ, ಯುರೋಪಿನಲ್ಲಿ ತೋರಿಸಲು ಈ ಭಾಗಕ್ಕೆ ಕತ್ತರಿ ಬಿತ್ತು. ವಿಯೆಟ್ನಾಂ ಯುದ್ಧದ ಕಾಲಕ್ಕೆ ಜನರ ಮನಸ್ಸು ಬದಲಾಗಿ, ಅದು ಮತ್ತೆ ಸೇರಿತು. ಸೇರಿಸಿದ್ದು ಸರಿನಾ?

ಪರ

ಅದನ್ನು ತೆಗೆದರೆ ಉಳಿಯುವುದು ಇಬ್ಬರು ಹುಚ್ಚರ ಕುಸ್ತಿ. ಹೂ ಬೇಕಾದವರೇ ಸತ್ತರು, ಲೆಕ್ಕ ಚುಕ್ತಾ. ಯುದ್ಧ ಹಾಗಿರುತ್ತಾ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತೀವಲ್ಲ, ಇಲ್ಲಿ ಕೂಸು ಸತ್ತೇ ಹೋಗುತ್ತದೆ. ಆ ಹೂವನ್ನು ಅದು ನೋಡಿಯೂ ಇರಲಿಲ್ಲ.

ಮೆಕ್‌ಲಾರೆನ್ ಸುಮ್ನೆ ಕೂತು ಕಥೆ ಕಟ್ಟಿದವರಲ್ಲ. 1936ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಕ್ಯಾಮೆರಾ ಹಿಡಿದು ಓಡಾಡಿದವರು. 1949ರಲ್ಲಿ ಯುನೆಸ್ಕೋ ಕೆಲಸಕ್ಕೆ ಚೀನಾಕ್ಕೆ ಹೋದರು. ಮರುವರ್ಷವೇ ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡಿತು.

ಇನ್ನೊಂದು ಗಮನಿಸಿ. ಆ ಮನೆಗಳು ಬಣ್ಣ ಬಳಿದ ಬರೀ ಮುಂಭಾಗ, ನಾಟಕದ ಪರದೆ ಇದ್ದ ಹಾಗೆ. ಅದು ಬೀಳುವವರೆಗೂ ಹಿಂದೆ ಜೀವ ಇದೆ ಅಂತ ನಮಗೂ ಹೊಳೆದಿರುವುದಿಲ್ಲ. ಬಾಂಬ್ ಹಾಕುವವನಿಗೂ ಅಷ್ಟೇ ಅಲ್ವಾ?

ವಿರೋಧ

ಈ ಚಿತ್ರದ ಜೀವ ಇರುವುದು ಅದರ ಆಟದಲ್ಲಿ. ನಿಜವಾದ ನಟರನ್ನೇ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಸ್ಥಿರಚಿತ್ರ, ಹಿಡಿದು ಬೊಂಬೆಗಳಂತೆ ಕುಣಿಸಿದ್ದಾರೆ. ನಟ ಎಗರುತ್ತಾನೆ, ಮೇಲಿರುವಾಗ ಒಂದು ಫ್ರೇಮ್. ಮತ್ತೆ ಎಗರು, ಮತ್ತೊಂದು ಫ್ರೇಮ್. ತೆರೆ ಮೇಲೆ ನೋಡಿದರೆ ಅವನು ಹುಲ್ಲಿನ ಮೇಲೆ ತೇಲುತ್ತಿರುತ್ತಾನೆ! ಸದ್ದು ಕೂಡ ಮೈಕಿನಲ್ಲಿ ಹಿಡಿದದ್ದಲ್ಲ, ಫಿಲ್ಮಿನ ಅಂಚಿನ ಧ್ವನಿಪಟ್ಟಿಯ ಮೇಲೇ ಗುರುತು ಮೂಡಿಸಿ ಹುಟ್ಟಿಸಿದ್ದು. ಒಬ್ಬನ ಪೇಪರಿನಲ್ಲಿ ‘ಶಾಂತಿ ಇಲ್ಲದಿದ್ದರೆ ಯುದ್ಧ ಖಚಿತ’, ಇನ್ನೊಬ್ಬನದರಲ್ಲಿ ‘ಯುದ್ಧ ಇಲ್ಲದಿದ್ದರೆ ಶಾಂತಿ ಖಚಿತ’. ಹೊಡೆದಾಟ ಜೋರಾದಂತೆ ಇಬ್ಬರ ಮುಖಕ್ಕೂ ಬಣ್ಣ ಏರಿ, ಯಾರು ಯಾರೆಂದೇ ತಿಳಿಯದಂತಾಗುತ್ತದೆ. ಹೇಳಬೇಕಾದ್ದೆಲ್ಲ ಅಷ್ಟರಲ್ಲೇ ಬಂತು. ಆ ಹೆಂಗಸರಾದರೂ ಯಾರು? ಒಂದು ಕೆಲಸವಿಲ್ಲ, ಒಂದು ಮುಖಭಾವವಿಲ್ಲ. ಏಟು ತಿನ್ನಲೆಂದೇ ತಂದು ನಿಲ್ಲಿಸಿದ್ದು.

ಅಣ್ಣನ ಮಗಳಿಗೆ ಎಂಟು ವರ್ಷ. ಅವಳ ಜೊತೆ ನೋಡಿದೆ. ತೇಲುವುದಕ್ಕೆ ಬಿದ್ದು ಬಿದ್ದು ನಕ್ಕಳು. ಮುಖಕ್ಕೆ ಬಣ್ಣ ಬಂದಾಗ ಸುಮ್ಮನಾಗಿ ನನ್ನ ತೋಳು ಹಿಡಿದುಕೊಂಡಳು. ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ಕೂಸನ್ನು ಒದ್ದ ಕೂಡಲೇ, “ಸಾಕು ಚಿಕ್ಕಪ್ಪ” ಅಂತ ಎದ್ದು ಒಳಗೆ ಹೋದಳು. ಇಬ್ಬರ ಗೋರಿಯ ಮೇಲೂ ಒಂದೊಂದು ಹೂ ಬಂದು ನಿಂತದ್ದನ್ನು ನಾನೊಬ್ಬನೇ ನೋಡಿದೆ.