ಇಷ್ಟೇನಾ?

ನಿನ್ನೆ ಮಧ್ಯಾಹ್ನ ಅಕ್ಕ, ಭಾವ, ಮಕ್ಕಳಿಬ್ಬರನ್ನ ಇಲ್ಲಿ ಇಟಲಿಯ ಟೂರಿನ್ನಿನ ಪೋರ್ತಾ ಸೂಸಾ ಸ್ಟೇಷನ್ನಿನಲ್ಲಿ ಪ್ಯಾರಿಸ್ ರೈಲು ಹತ್ತಿಸಿ ಬಂದೆ. ನಾಲ್ಕು ದಿನ ಇದ್ರು. ನೆಂಟರು ಹೋದ ಮೇಲೆ ಮನೆ ಬಿಕೋ ಅಂತಿದೆ ಅಂತ ಬರೆಯೋದು ವಾಡಿಕೆ. ನಂಗೆ ಹಾಗೇನೂ ಅನ್ನಿಸ್ತಿಲ್ಲ. ಹೊಟ್ಟೆಯೊಳಗೆ ಒಂದು ಸಿಟ್ಟು ಕೂತಿದೆ, ಅದನ್ನ ಇಲ್ಲಿ ಕಕ್ಕದಿದ್ರೆ ಇವತ್ತೂ ನಿದ್ದೆ ಬರಲ್ಲ.

ಶುರುವಾಗಿದ್ದು ಕಾಫಿಯಿಂದ. ಮೊದಲನೇ ದಿನ ಬೆಳಗ್ಗೆ ಭಾವನ್ನ ನಮ್ಮ ಬೀದಿ ಮೂಲೆಯ ಬಾರಿಗೆ ಕರ್ಕೊಂಡು ಹೋದೆ. (ಮಂಡ್ಯದ ಗೆಳೆಯರೇ, ಬೆಳಗ್ಗೆ ಎಂಟಕ್ಕೇ ಬಾರಾ ಅಂತ ಕಾಮೆಂಟ್ ಹಾಕೋಕೆ ಮುಂಚೆ ಕೇಳಿ. ಇಟಲಿಯಲ್ಲಿ ಬಾರ್ ಅಂದ್ರೆ ಕಾಫಿ ಅಂಗಡಿ. ಹತ್ತು ವರ್ಷದಿಂದ ಹೇಳ್ತಾನೇ ಇದೀನಿ.) ಕಟ್ಟೆಗೆ ಒರಗಿ ನಿಂತ್ವಿ. ಅಂಗಡಿಯಮ್ಮ ನನ್ನ ಮುಖ ನೋಡಿ, ಕೇಳದೇನೇ ಒಂದು ಪುಟ್ಟ ಗ್ಲಾಸು ನೀರು, ಒಂದು ಕಾಫಿ ಇಟ್ಟಳು. ಭಾವನಿಗೂ ಅದೇ. ಭಾವ ಬೋರ್‌ವೆಲ್ಲಿಗೆ ಬಗ್ಗಿ ನೋಡೋ ಹಾಗೆ ಕಪ್ಪಿನೊಳಗೆ ಬಗ್ಗಿ ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣಯ್ಯ, ಇಷ್ಟೇನಾ?"

ಒಂದು ಯೂರೋ ಮೂವತ್ತು ಸೆಂಟು ಅಂದಾಗ, "ನೂರು ರೂಪಾಯಿ ಮೇಲಾಯ್ತಲ್ಲಯ್ಯ, ಗುಟುಕಿಗೆ!"

ಸರಿ, ನಕ್ಕು ಸುಮ್ಮನಾದೆ. ಆದರೆ ಆ 'ಇಷ್ಟೇನಾ' ನಾಲ್ಕು ದಿನವೂ ನಮ್ಮ ಜೊತೆಗೇ ತಿರುಗಿತು. ಐದನೇ ನೆಂಟನ ಹಾಗೆ. ಅದಕ್ಕೂ ಒಂದು ಟ್ರಾಮ್ ಟಿಕೆಟ್ ತಗೋಬೇಕಿತ್ತು.

ಮನೆ ನೋಡಿ ಇಷ್ಟೇನಾ. ಬಾಲ್ಕನಿ ನೋಡಿ ಇಷ್ಟೇನಾ. ಟೂರಿನ್ನಿನ ಬಿಚೆರಿನ್ ಅನ್ನೋ ಪಾನೀಯ ಕುಡಿಸೋಣ ಅಂತ ಕೊನ್ಸೊಲಾತಾ ಚರ್ಚಿನೆದುರು 1763ರಿಂದ ನಡೀತಿರೋ ಕಾಫಿ ಮನೆಗೆ ಕರ್ಕೊಂಡು ಹೋದೆ. ಕೆಳಗೆ ಚಾಕೊಲೇಟು, ನಡುವೆ ಕಾಫಿ, ಮೇಲೆ ತಣ್ಣನೆಯ ಕೆನೆ. ಕದಡಬಾರದು. ಕೆನೆಯ ತಂಪಿನೊಳಗಿಂದ ಬಿಸಿ ಮೇಲೆ ಬರ್ತಾ ನಾಲಿಗೆಗೆ ತಾಗೋದೇ ಅದರ ಮಜಾ. ಭಾವ ಚಮಚ ತಗೊಂಡು ಹಾರ್ಲಿಕ್ಸ್ ತರ ಗರಗರ ತಿರುಗಿಸಿದ್ರು. ತಿರುಗಿಸಿ, ಕುಡಿದು, ಲೋಟ ಎತ್ತಿ ಹಿಡಿದು ಹೇಳಿದ್ರು. ಏನು ಹೇಳಿದ್ರು ಅಂತ ನಿಮಗೆ ಗೊತ್ತು. ಬಿಚೆರಿನ್ ಅಂದ್ರೆ ಈ ಸೀಮೆಯ ಭಾಷೆಯಲ್ಲಿ 'ಸಣ್ಣ ಲೋಟ' ಅಂತಾನೇ ಅರ್ಥ. ಹೆಸರಲ್ಲೇ ಬರ್ಕೊಂಡಿದೆ ಸ್ವಾಮಿ, ಮೋಸ ಏನಿಲ್ಲ.

ನಂಗೆ ಅರ್ಥವೇ ಆಗದ್ದು ಇದು. ಭಾವ ಯಾವ ಊರಿನವರು? ಬೆಂಗಳೂರಿನ ದರ್ಶಿನಿಗಳಲ್ಲಿ ಬೈಟು ಕಾಫಿ ಕುಡಿದು ಬೆಳೆದವರು! ಒಂದು ಕಾಫಿ ಹೇಳಿ ಇಬ್ಬರು ಹಂಚ್ಕೊಂಡು, ಸ್ಟೀಲ್ ಟೇಬಲ್ಲಿಗೆ ಮೊಣಕೈ ಊರಿ, ನಿಂತೇ ಅರ್ಧ ಗಂಟೆ ರಾಜಕೀಯ ಮಾತಾಡೋ ಸುಖ ಅವರಿಗೆ ಹೇಳ್ಕೊಡಬೇಕಾ? ಇಲ್ಲಿ ನಡೆಯೋದೂ ಅದೇ ಅಲ್ವಾ. ಪೋಸ್ಟ್‌ಮ್ಯಾನು, ಸೂಟು ಹಾಕಿದ ವಕೀಲ, ಗೋಡೆಗೆ ಬಣ್ಣ ಹೊಡೆಯೋನು, ನಾನು, ಎಲ್ಲ ಒಂದೇ ಕಟ್ಟೆಗೆ ಒರಗ್ತೀವಿ. ಎರಡು ಗುಟುಕು, ನಾಲ್ಕು ಮಾತು, ನಿನ್ನೆ ರಾತ್ರಿ ಫುಟ್ಬಾಲಲ್ಲಿ ಸೋತವನಿಗೆ ಒಂದು ಕುಟುಕು, ಕಾಸು ಕಟ್ಟಿ ಹೊರಗೆ. ಐದು ನಿಮಿಷ. ಆ ಐದು ನಿಮಿಷದಲ್ಲೇ ನಾನು ಇಟಾಲಿಯನ್ ಕಲಿತಿದ್ದು, ಕ್ಲಾಸಲ್ಲಲ್ಲ.

ಇದೇ ಊರಿನಲ್ಲಿ 1884ರಲ್ಲಿ ಆಂಜೆಲೊ ಮೊರಿಯೊಂದೊ ಅನ್ನೋರು ಉಗಿಯ ಒತ್ತಡದಿಂದ ಕಾಫಿ ಇಳಿಸೋ ಯಂತ್ರಕ್ಕೆ ಪೇಟೆಂಟ್ ತಗೊಂಡಿದ್ದು. ಸ್ವತಃ ಹೋಟೆಲ್ ನಡೆಸ್ತಿದ್ದ ಮನುಷ್ಯ, ಗಿರಾಕಿ ಕಾಯಬಾರದು ಅಂತ ತಲೆ ಕೆಡಿಸ್ಕೊಂಡಿದ್ದು. ಆಮೇಲೆ 1901ರಲ್ಲಿ ಮಿಲಾನಿನ ಬೆತ್ಸೇರಾ ಒಂದೊಂದೇ ಕಪ್ಪು ಇಳಿಸೋ ಹಾಗೆ ಮಾಡಿದ್ರು. ಇದನ್ನ ಭಾವನಿಗೆ ಹೇಳಿದೆ. "ಅಷ್ಟು ಯಂತ್ರ ಮಾಡಿ ಇಷ್ಟೇ ಕಾಫಿ ಬಂತಾ?" ಅಂದ್ರು. ಹೇಳಿ ಈಗ, ಏನು ಮಾಡೋಣ?

ಶನಿವಾರ ಪೋರ್ತಾ ಪಲಾತ್ಸೊ ಸಂತೆ. ಯೂರೋಪಿನ ದೊಡ್ಡ ಬಯಲು ಸಂತೆಗಳಲ್ಲೊಂದು. ಮೊರಾಕ್ಕೊದವರ ಹತ್ರ ಕಟ್ಟು ಕಟ್ಟು ಕೊತ್ತಂಬರಿ, ಬಾಂಗ್ಲಾದವರ ಹತ್ರ ಬೆಂಡೆಕಾಯಿ, ಹಿಂದುಗಡೆ ಸುತ್ತಲ ಹಳ್ಳಿ ರೈತರ ಸೊಪ್ಪು ಸದೆ. ಕೂಗಾಟ ಕೇಳಿದ್ರೆ ಸಾಕು, ಕಣ್ಣು ಮುಚ್ಚಿದ್ರೆ ಮಂಡ್ಯ ಸಂತೆ. ಚೀಸಿನ ಅಂಗಡಿಯಲ್ಲಿ ನಾನು "ಉನ್ ಎತ್ತೊ" ಅಂದೆ. ಇಲ್ಲಿ ಎತ್ತೊ ಅಂದ್ರೆ ನೂರು ಗ್ರಾಂ. ಚೀಸು, ಮಾಂಸ ಎಲ್ಲ ಎತ್ತೊ ಲೆಕ್ಕದಲ್ಲೇ ಕೊಳ್ಳೋದು. ಭಾವ ಗಾಬರಿಯಿಂದ, "ಯಾರನ್ನಯ್ಯ ಎತ್ತೋ ಅಂತಿದ್ದೀಯಾ?" ನಾಲ್ಕು ದಿನದಲ್ಲಿ ನಾವಿಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದು ಅದೊಂದಕ್ಕೇ. ನೂರು ಗ್ರಾಂ ಅಂತ ಗೊತ್ತಾದ ಮೇಲೆ ಮತ್ತೆ ಅದೇ ಹಾಡು. ನೂರು ಗ್ರಾಂ ತಗೊಂಡು ಅಂಗಡಿಗೆ ಬರೋಕೆ ನಾಚಿಕೆ ಆಗಲ್ವಾ ಅಂತ.

ಆಗಲ್ಲ. ನಾಳೆ ಮತ್ತೆ ಬರ್ತೀನಲ್ಲ!

ಮಕ್ಕಳ ಬಾಯಲ್ಲಿ ಮಾತ್ರ ಆ ಮಾತು ಬರಲಿಲ್ಲ. ಈ ಊರಿನ ಬೀದಿಗಳಲ್ಲಿ ನೂರಾರು ಹಸಿರು ನಲ್ಲಿ ಕಂಬಗಳಿವೆ. ಎರಕದ ಕಬ್ಬಿಣದವು, ಹೋರಿಯ ಮುಖ, ಅದರ ಬಾಯಿಂದ ಹಗಲೂ ರಾತ್ರಿ ಕುಡಿಯೋ ನೀರು. ತೊರೆತ್ ಅಂತಾರೆ, ಪುಟ್ಟ ಹೋರಿ ಅಂತ. ಮಕ್ಕಳು ಕಂಡಲ್ಲೆಲ್ಲ ಬಾಟಲಿ ತುಂಬಿಸಿದ್ದೇ ತುಂಬಿಸಿದ್ದು. ಅಕ್ಕ ಮಾತ್ರ ಒಂದರ ಮುಂದೆ ನಿಂತು, "ಮಲ್ಲೇಶ್ವರದ ನಂದಿತೀರ್ಥ ಇದ್ದ ಹಾಗಿದೆ ಕಣೋ" ಅಂತ ಕೈಯೊಡ್ಡಿ ನೀರು ತಗೊಂಡು ಕಣ್ಣಿಗೆ ಒತ್ಕೊಂಡಳು. ಅಕ್ಕನ ಮೇಲೆ ನಂದೇನೂ ದೂರಿಲ್ಲ, ಯಾವತ್ತೂ ಇಲ್ಲ.

ಭಾವ ಬಾಯಿ ತುಂಬ ಹೊಗಳಿದ ವಸ್ತು ಇಡೀ ಇಟಲಿಯಲ್ಲಿ ಒಂದೇ: ಬಚ್ಚಲಿನ ಬಿದೆ, ಅಂದ್ರೆ ಕೂತು ತೊಳ್ಕೊಳ್ಳೋಕೆ ಅಂತಾನೇ ಇರೋ ತೊಟ್ಟಿ. 1975ರ ಸರ್ಕಾರಿ ಆದೇಶದ ಪ್ರಕಾರ ಇಲ್ಲಿ ಮನೆ ಕಟ್ಟಿದ್ರೆ ಒಂದು ಬಚ್ಚಲಲ್ಲಾದ್ರೂ ಅದು ಇರಲೇಬೇಕು. "ಯೂರೋಪಲ್ಲಿ ಮಾನವಂತರು ಇವರೇ ಕಣಯ್ಯ" ಅಂದ್ರು. ಒಪ್ಪಿದೆ.

ಈಗ ನೀವು ಹೇಳ್ತೀರಾ, ಪಾಪ, ವೀಸಾ, ವಿಮಾನ ಅಂತ ಲಕ್ಷಗಟ್ಟಲೆ ಸುರಿದು ಬಂದಿದ್ದಾರೆ, ಅವರು ಕೇಳೋದರಲ್ಲಿ ತಪ್ಪೇನು ಅಂತ. ನಮ್ಮ ಕಡೆ ನೆಂಟರಿಗೆ ಎಲೆ ತುಂಬ ಬಡಿಸದಿದ್ರೆ ಅವಮಾನ, ಮುದ್ದೆ ಮೇಲೆ ಮುದ್ದೆ ಇಡೋ ಜನ ನಾವು, ಅಲ್ಲಿಂದ ಬಂದೋರಿಗೆ ಸಣ್ಣ ಕಪ್ಪು ಕಂಡ್ರೆ ಮರ್ಯಾದೆ ಕಡಿಮೆ ಮಾಡಿದ ಹಾಗಾಗುತ್ತೆ ಅಂತ. ಒಪ್ಪೋಣ. ಮೊದಲ ದಿನಕ್ಕೆ ಒಪ್ಪೋಣ. ಎರಡನೇ ದಿನಕ್ಕೂ ಬಿಡೋಣ. ನಾಲ್ಕನೇ ದಿನ ಪೋ ನದಿ ನೋಡಿ, ಇಟಲಿಯ ಅತಿ ಉದ್ದದ ನದಿ ನೋಡಿ, "ಇಷ್ಟೇನಾ?" ಅಂದ್ರೆ? ಕಾವೇರಿಯನ್ನ ಮೇ ತಿಂಗಳಲ್ಲಿ ನೋಡಿದ ಮನುಷ್ಯ ಆಡೋ ಮಾತಾ ಅದು?

ಇಷ್ಟೆಲ್ಲ ಬರೆದು ನಿಜ ವಿಷಯ ಮುಚ್ಚಿಟ್ರೆ ಸರಿಯಲ್ಲ. ನಂಗೆ ಉರಿದಿದ್ದು ಕಾಫಿಗಲ್ಲ.

ಮೂರನೇ ದಿನ ಮಿಲಾನಿಗೆ ಪ್ಯಾಸೆಂಜರ್ ರೈಲಲ್ಲಿ ಹೊರಟ್ವಿ. ವೆರ್ಚೆಲ್ಲಿ ಹತ್ತಿರ ಬರೋ ಹೊತ್ತಿಗೆ ಎರಡೂ ಕಡೆ ಗದ್ದೆ. ಈಗ ನೀರು ಕಟ್ಟೋ ಕಾಲ. ಕಣ್ಣು ಹೋಗೋವರೆಗೂ ನೀರು, ನೀರಲ್ಲಿ ಮೋಡ, ಬದುವಿನ ಮೇಲೆ ಕೊಕ್ಕರೆ, ದೂರದಲ್ಲಿ ಆಲ್ಪ್ಸ್ ಬೆಟ್ಟದ ಹಿಮ. ಭಾವ ಫೋನು ಜೇಬಿಗಿಟ್ರು. ಕಿಟಕಿಗೆ ಹಣೆ ಹಚ್ಚಿ, "ಭತ್ತ ಏನಯ್ಯ ಇದು?" ಅಂದ್ರು. ಹೌದು ಅಂದೆ. 1866ರಲ್ಲಿ ಮುಗಿದ ಕವೂರ್ ನಾಲೆ, ಕಿವಾಸ್ಸೊ ಅನ್ನೋ ಊರಲ್ಲಿ ಪೋ ನದಿಯಿಂದ ತೆಗೆದು ಎಂಬತ್ತು ಕಿಲೋಮೀಟರಿಗೂ ಹೆಚ್ಚು ಹರಿಸಿದ್ದಾರೆ, ನಮ್ಮ ವಿಶ್ವೇಶ್ವರಯ್ಯ ನಾಲೆ ಇದ್ದ ಹಾಗೆ ಅಂದೆ. ನಾಟಿ ಯಾವಾಗ ಅಂದ್ರು. ಈಗ ಯಂತ್ರದಲ್ಲೇ ಬಿತ್ತನೆ, ಹಿಂದೆ ಮೊಂದೀನೆ ಅಂತ ಹೆಂಗಸರು ಬೇರೆ ಊರುಗಳಿಂದ ಬಂದು ಮೊಣಕಾಲುದ್ದ ನೀರಲ್ಲಿ ಬಗ್ಗಿ ಕಳೆ ಕೀಳ್ತಿದ್ರು ಅಂದೆ. "ನಮ್ಮವ್ವನೂ ಹಂಗೇ" ಅಂದ್ರು. ನೊವಾರಾ ದಾಟೋವರೆಗೂ ಮಾತಿಲ್ಲ. ನಂಗೋ ಪರಮಾನಂದ. ಗೆದ್ದೆ ಅನ್ಕೊಂಡೆ.

ಆಮೇಲೆ ಮೆಲ್ಲಗೆ, ಅಕ್ಕ ತೂಕಡಿಸ್ತಿರೋದು ನೋಡ್ಕೊಂಡು, "ಈಗ ಎಷ್ಟು ಕೊಡ್ತಾರಯ್ಯ ನಿಂಗೆ?" ಅಂದ್ರು.

ಹೇಳಿದೆ.

ಅವರು ಏನಂದ್ರು ಅಂತ ಬರೆಯಲ್ಲ.

ನನ್ನ ಜೊತೆ ಓದಿದವರು ಮ್ಯೂನಿಕ್ಕಲ್ಲಿ, ಆಮ್‌ಸ್ಟರ್‌ಡ್ಯಾಮಲ್ಲಿ ನನಗಿಂತ ಎಷ್ಟೋ ಹೆಚ್ಚು ತಗೋತಾರೆ. ಈ ದೇಶದಲ್ಲಿ ಸಂಬಳ ಅನ್ನೋದು ಮೂವತ್ತು ವರ್ಷದಿಂದ ನಿಂತ ನೀರು, ಇಲ್ಲಿನ ಹುಡುಗರೇ ಗಂಟು ಕಟ್ಟಿ ಬಡಗಣ ದೇಶಗಳಿಗೆ ಹೋಗ್ತಿದ್ದಾರೆ. ನಾನು ಮೊದಲಿದ್ದ ಊರಿನಲ್ಲಿ ವಾಸದ ಪರವಾನಗಿ ಕೈಗೆ ಬರೋಷ್ಟರಲ್ಲಿ ಅದರ ಅವಧಿಯಲ್ಲಿ ಅರ್ಧ ಮುಗಿದಿತ್ತು. ಎಲ್ಲ ಗೊತ್ತು. ಹೆಂಡ್ತಿ ಮಲಗಿದ ಮೇಲೆ ಜರ್ಮನಿಯ ಕೆಲಸಗಳ ಪುಟ ತೆರೆದು ಕೂತಿದ್ದು ಒಂದು ರಾತ್ರಿಯಲ್ಲ. ಅರ್ಜಿ ತುಂಬಿ, ಕೊನೆಯ ಬಟನ್ನು ಒತ್ತದೆ ಮುಚ್ಚಿದ್ದೂ ಇದೆ. ಯಾಕೆ ಒತ್ತಲಿಲ್ಲ ಅಂತ ಭಾವನಿಗೆ ರೈಲಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಬೆಳಗ್ಗೆ ಆ ಅಂಗಡಿಯಮ್ಮ ಕೇಳದೇ ಕಾಫಿ ಇಡ್ತಾಳೆ ಅಂತ ಹೇಳಿದ್ರೆ ಹುಚ್ಚ ಅಂತಿದ್ರು. ಮಳೆ ಬಂದ್ರೆ ಬೀದಿ ಬದಿಯ ಕಮಾನು ಚಾವಣಿಗಳ ಕೆಳಗೇ ಊರ ಅರ್ಧ ದಾಟಿ ಒಣ ಚಪ್ಪಲಿಯಲ್ಲಿ ಮನೆ ಸೇರ್ತೀನಿ ಅಂದ್ರೆ, ಛತ್ರಿ ತಗೊಳ್ಳಯ್ಯ ಅಂತಿದ್ರು.

ಇವತ್ತು ಬೆಳಗ್ಗೆ ಒಬ್ಬನೇ ಹೋದೆ. ಅಂಗಡಿಯಮ್ಮ ಎರಡು ಕಪ್ಪು ಇಳಿಸೋಕೆ ಕೈ ಹಾಕಿದ್ಲು. ಇಲ್ಲ, ಹೋದ್ರು ಅಂದೆ. "ಆ ಸಿನ್ಯೋರೆ, ಕಪ್ಪು ನೋಡೋರು?" ಅಂದ್ಲು. ಹೂಂ ಅಂದೆ. ಅವರಿಗೆ ಮೊದಲ ದಿನವೇ ಎರಡು ಇಳಿಸಿ ಕೊಡಬೇಕಿತ್ತು, ನಂಗೆ ಹೊಳೀಲಿಲ್ಲ ಅಂತ ಬೇಜಾರು ಮಾಡ್ಕೊಂಡ್ಲು. ನಾಲ್ಕು ದಿನ ನಂಗೂ ಹೊಳೆದಿರಲಿಲ್ಲ ನೋಡಿ.

ಭಾವ ಇದನ್ನ ಓದ್ತಾರೆ, ಗೊತ್ತು. ಓದ್ಲಿ. ಭಾವ, ನಿಮ್ಮ ಕತ್ತಿನ ದಿಂಬು ನಮ್ಮ ಸೋಫಾ ಮೇಲೇ ಉಳಿದಿದೆ. ಅಕ್ಕ ಗುಟ್ಟಾಗಿ ಕೊಂಡ ಮೂರು ಮೋಕಾ ಪಾತ್ರೆ, ಒಲೆ ಮೇಲಿಟ್ಟು ಕಾಫಿ ಇಳಿಸೋವು, ನಿಮ್ಮ ಸೂಟ್‌ಕೇಸಲ್ಲೇ ಇದೆ, ನೀಲಿದ್ರಲ್ಲಿ, ಕೆಳಗಡೆ. ಬೆಲೆ ಕೇಳಬೇಡಿ.