ಫ್ರೀಜ್ ಡ್ರೈಯಿಂಗ್‌ಗೂ ಬಿಸಿ ಬೇಕು: ಒಂದು ಸ್ಪಷ್ಟನೆ

'ದಡಾರ, ಬಿಸಿಜಿ ಲಸಿಕೆಗಳನ್ನು ಬರೀ ಚಳಿಯಲ್ಲೇ ಒಣಗಿಸುತ್ತಾರೆ, ಯಂತ್ರ ತಣ್ಣಗಿದ್ದಷ್ಟೂ ಒಳ್ಳೆಯದು' ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಫ್ರೀಜ್ ಡ್ರೈಯಿಂಗ್ ಅಂದರೆ ಹೆಪ್ಪುಗಟ್ಟಿಸಿ ಒಣಗಿಸುವುದು. ಮೊದಲು ಲಸಿಕೆಯನ್ನು ಹೆಪ್ಪುಗಟ್ಟಿಸುತ್ತಾರೆ, ಸರಿ. ಆಮೇಲೆ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗಬೇಕು. ಅದಕ್ಕೆ ಒತ್ತಡ 6.1 ಮಿಲಿಬಾರ್‌ಗಿಂತ ಕೆಳಗಿರಬೇಕು. ಜೊತೆಗೆ ಶಾಖವೂ ಬೇಕು, ಒಂದು ಕಿಲೋ ಮಂಜುಗಡ್ಡೆಗೆ ಸುಮಾರು 2,800 ಕಿಲೋಜೂಲ್! ಈ ಶಾಖದ ಬಹುಪಾಲು ಲಸಿಕೆಯ ಸೀಸೆಗಳ ಕೆಳಗಿನ ತಟ್ಟೆಯಿಂದ ಬರುತ್ತದೆ. ಜಾಸ್ತಿಯಾದರೆ ಔಷಧದ ರಚನೆಯೇ ಕುಸಿಯುತ್ತದೆ.

ನಿಜವಾದ ತಲೆನೋವು ಇಲ್ಲಿದೆ. ತಟ್ಟೆಯ ಅಂಚಿನ ಸೀಸೆಗಳಿಗೆ ಯಂತ್ರದ ಗೋಡೆ, ಬಾಗಿಲಿನ ಶಾಖವೂ ತಾಗಿ ಅವು ಬೇಗ ಒಣಗುತ್ತವೆ. ಪ್ರಯೋಗಾಲಯದ ಚಿಕ್ಕ ಯಂತ್ರದಲ್ಲಿ ಅಂಚಿನ ಸೀಸೆಗಳದೇ ದೊಡ್ಡ ಪಾಲು ಅಲ್ವಾ? ಅಲ್ಲಿ ಸಿಕ್ಕ ಒಣಗಿಸುವ ಲೆಕ್ಕವನ್ನು ಸುಮ್ನೆ ಕಾರ್ಖಾನೆಗೆ ಒಯ್ದರೆ ಹೊಂದುವುದಿಲ್ಲ. ಹಾಗಾಗಿ ಗೋಡೆಯ ತಾಪವನ್ನೂ ಹಿಡಿತದಲ್ಲಿಡುವ ಪುಟ್ಟ ಯಂತ್ರಗಳನ್ನು ವಿನ್ಯಾಸ ಮಾಡುತ್ತಾರೆ.